ಹತ್ತನೇ ತರಗತಿಗೆ ಹನ್ನೆರಡು ವರ್ಷ ಮೊದಲು

2025ರ ಮೇ 2ರಂದು ಎಸ್ಸೆಸ್ಸೆಲ್ಸಿ ಪರೀಕ್ಷೆ–1ರ ಫಲಿತಾಂಶ ಹೊರಬಿದ್ದಾಗ ಕಲಬುರಗಿ ಜಿಲ್ಲೆ ಶೇ 42.43ರೊಂದಿಗೆ ರಾಜ್ಯದಲ್ಲೇ ಕಟ್ಟಕಡೆಗೆ ನಿಂತಿತ್ತು. ಆಮೇಲೆ ನಡೆದದ್ದು ಪ್ರತಿ ಬೇಸಿಗೆಯ ಚರ್ಚೆಯೇ: ಶಿಕ್ಷಕರ ಖಾಲಿ ಹುದ್ದೆ, ಗಣಿತ–ಇಂಗ್ಲಿಷಿನ ಭಯ, ವಿಶೇಷ ತರಗತಿ, ರಾತ್ರಿ ಓದು. ಎಲ್ಲವೂ ಹತ್ತನೇ ತರಗತಿಯ ಸುತ್ತಮುತ್ತಲಿನ ಮಾತು.

ಆ ಪರೀಕ್ಷೆ ಬರೆದ ಮಕ್ಕಳಿಗೆ ಮೂರೋ ನಾಲ್ಕೋ ವರ್ಷ ತುಂಬಿದ್ದು 2012–13ರ ಸುಮಾರಿಗೆ. ಆಗ ಅವರು ಹಗಲೆಲ್ಲ ಎಲ್ಲಿರುತ್ತಿದ್ದರು, ಯಾರ ಜೊತೆ ಆಡುತ್ತಿದ್ದರು, ಅವರು ಕೇಳಿದ ಪ್ರಶ್ನೆಗೆ ಯಾರು ಉತ್ತರ ಕೊಡುತ್ತಿದ್ದರು? ಫಲಿತಾಂಶದ ಚರ್ಚೆಯಲ್ಲಿ ಈ ಪ್ರಶ್ನೆಗಳಿಗೆ ಜಾಗವೇ ಇಲ್ಲ. ಎಳೆಯ ಮಕ್ಕಳ ಕಲಿಕೆಯನ್ನು ಅಧ್ಯಯನ ಮಾಡಿದವರು ಮಾತ್ರ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಾರೆ. ಆರು ವರ್ಷದೊಳಗಿನ ಕೂಸು ಕಲಿಯುವುದು ಪುಸ್ತಕದಿಂದಲ್ಲ, ಹಲಗೆಯಿಂದಲೂ ಅಲ್ಲ; ನಂಬಿದ ಹಿರಿಯರ ಜೊತೆ ಮಾತಾಡುತ್ತ, ಓರಗೆಯವರ ಜೊತೆ ಜಗಳವಾಡುತ್ತ, ತನಗಿಂತ ದೊಡ್ಡವರನ್ನು ನೋಡಿ ಅನುಕರಿಸುತ್ತ ಅದು ಕಲಿಯುತ್ತದೆ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಅಂಗನವಾಡಿಗಳಲ್ಲಿ ಈ ಬಗೆಯ ಕಲಿಕೆಗೆ ಬೇಕಾದ ಸಾಮಗ್ರಿ ಬಹುಪಾಲು ಇದೆ. ಕೊರತೆಯಿರುವುದು ಬೇರೆ ಕಡೆ.

ಮೂರು ತಾಲ್ಲೂಕು, ನಾಲ್ಕು ಭಾಷೆ

ಕಲಬುರಗಿ ನಗರದ ವಾಯವ್ಯಕ್ಕೆ ಆಳಂದ, ಪಶ್ಚಿಮಕ್ಕೆ ಅಫಜಲಪುರ, ದಕ್ಷಿಣಕ್ಕೆ ಜೇವರ್ಗಿ. ಆಳಂದದ ಗಡಿ ದಾಟಿದರೆ ಮಹಾರಾಷ್ಟ್ರ. ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದಲ್ಲಿ ಅಮರ್ಜಾ ನದಿ ಭೀಮೆಯನ್ನು ಸೇರುತ್ತದೆ. ಅದೇ ಭೀಮೆ ಮುಂದೆ ಹರಿದು ಜೇವರ್ಗಿಯನ್ನು ಜಿಲ್ಲಾ ಕೇಂದ್ರದಿಂದ ಬೇರ್ಪಡಿಸುತ್ತದೆ. ಕಪ್ಪು ನೆಲ, ಜೋಳ, ಕಬ್ಬು, ಎಲ್ಲಕ್ಕಿಂತ ಹೆಚ್ಚಾಗಿ 2019ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ತೊಗರಿ ಇಲ್ಲಿನ ಬದುಕು.

1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಸೀಮೆ ಇದು. ಪ್ರಾದೇಶಿಕ ಅಸಮತೋಲನದ ಅಧ್ಯಯನಕ್ಕೆ ನೇಮಕವಾಗಿದ್ದ ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ಈ ಮೂರನ್ನೂ ‘ಅತ್ಯಂತ ಹಿಂದುಳಿದ’ ತಾಲ್ಲೂಕುಗಳ ಪಟ್ಟಿಗೆ ಸೇರಿಸಿತು. 2011ರ ಜನಗಣತಿಯಲ್ಲಿ ಜಿಲ್ಲೆಯ ಮಹಿಳಾ ಸಾಕ್ಷರತೆ ಶೇ 55ರ ಆಸುಪಾಸಿನಲ್ಲಿತ್ತು. ಅಂದರೆ ಇಂದಿನ ಎಷ್ಟೋ ಮಕ್ಕಳ ಅಜ್ಜಿಯರು, ಕೆಲವರ ತಾಯಂದಿರೂ ಸಾಲಿಯ ಮೆಟ್ಟಿಲು ಹತ್ತಿದವರಲ್ಲ. 2009ರಲ್ಲಿ ಆರಂಭವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇರುವುದು ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ. ಪಿಎಚ್‌.ಡಿ ಮಾಡುವವರಿಗೂ ಮೊದಲ ಅಕ್ಷರ ಕಾಣುವ ಕೂಸಿಗೂ ಹೀಗೆ ಒಂದೇ ತಾಲ್ಲೂಕಿನಲ್ಲಿ ವ್ಯವಸ್ಥೆಯಿದೆ. ನಡುವಿನ ದಾರಿಯಲ್ಲಿ ಎಷ್ಟು ಮಂದಿ ಉಳಿಯುತ್ತಾರೆ ಎಂಬುದು ಅಂಗನವಾಡಿಯ ಮೂರು ವರ್ಷಗಳ ಮೇಲೂ ನಿಂತಿದೆ.

ಇಲ್ಲಿನ ಮಕ್ಕಳು ಒಂದೇ ನುಡಿ ಹೊತ್ತು ಬರುವವರಲ್ಲ. ಕಲಬುರಗಿ ಸೀಮೆಯ ಕನ್ನಡ, ದಖನಿ ಉರ್ದು, ಗಡಿಯ ಹಳ್ಳಿಗಳಲ್ಲಿ ಮರಾಠಿ, ತಾಂಡಾಗಳಲ್ಲಿ ಲಂಬಾಣಿ. ಬೆಂಗಳೂರಿನಲ್ಲಿ ಕೂತು ಪಠ್ಯ ಮಾಡುವವರಿಗೆ ಇದು ತಲೆನೋವು. ಅಂಗನವಾಡಿಯ ಚಾಪೆಯ ಮೇಲೆ ನಿತ್ಯದ ಸಂಗತಿ.

ಒಂದು ತಟ್ಟೆ ಬೆರಕೆ ಕಾಳು

ಕೂಡಿ ಕಲಿಯುವುದೆಂದರೆ ಏನು ಎಂಬುದನ್ನು ನೋಡಲು ದುಬಾರಿ ಆಟಿಕೆಗಳ ಅಗತ್ಯವಿಲ್ಲ. ಒಂದು ತಟ್ಟೆಯಲ್ಲಿ ತೊಗರಿ, ಕಡಲೆ, ಶೇಂಗಾ, ಜೋಳ ಬೆರೆಸಿ ನಾಲ್ಕು ಮಕ್ಕಳ ನಡುವೆ ಇಟ್ಟರೆ ಸಾಕು. ತೀರ ಸಣ್ಣ ಕಾಳು ಮೂಗು–ಕಿವಿಗೆ ಹೋಗದಂತೆ ಕಣ್ಣಿಡಲು ದೊಡ್ಡವರೊಬ್ಬರು ಪಕ್ಕದಲ್ಲಿರಬೇಕು, ಅಷ್ಟೆ.

‘ಒಂದೇ ಥರದವನ್ನು ಒಂದು ಕಡೆ ಇಡ್ರಿ’ ಎಂದು ಅಕ್ಕೋರು ಹೇಳುತ್ತಾರೆ. ಮೂರು ವರ್ಷದ ಕೂಸು ಕೈಗೆ ಸಿಕ್ಕಿದ್ದನ್ನೆಲ್ಲ ಮುಷ್ಟಿಯಲ್ಲಿ ಹಿಡಿಯುತ್ತದೆ. ನಾಲ್ಕು ವರ್ಷದವನು ಬಣ್ಣ ನೋಡಿ ವಿಂಗಡಿಸುತ್ತಾನೆ, ಹಾಗಾಗಿ ಕೆಂಪು ತೊಗರಿಯೂ ಕೆಂಪು ಸಿಪ್ಪೆಯ ಶೇಂಗಾ ಬೀಜವೂ ಒಂದೇ ಗುಂಪಿಗೆ ಬೀಳುತ್ತವೆ. ಐದು ವರ್ಷದವಳು ಬಿಡುವವಳಲ್ಲ: ‘ಇದು ತೊಗರಿ, ಇದು ಶೇಂಗಾ, ಇದಕ್ಕ ಎಣ್ಣಿ ಬರ್ತದ.’ ಅಲ್ಲಿಂದ ಜಗಳ ಶುರು. ಬಣ್ಣದ ಪ್ರಕಾರ ಇಡುವುದೋ, ಗಾತ್ರದ ಪ್ರಕಾರವೋ, ಹೆಸರಿನ ಪ್ರಕಾರವೋ?

ಅಕ್ಕೋರು ತೀರ್ಪು ಕೊಟ್ಟರೆ ಆಟ ಅಲ್ಲಿಗೆ ಮುಗಿಯಿತು. ಅದರ ಬದಲು ‘ನೀ ಯಾಕ ಹಿಂಗ ಇಟ್ಟಿ?’ ಎಂದು ಕೇಳಿದರೆ ನಾಲ್ಕರವನು ತನ್ನ ಲೆಕ್ಕವನ್ನು ಬಾಯಲ್ಲಿ ಹೇಳಬೇಕಾಗುತ್ತದೆ. ಕಾರಣ ಕೊಡುವ ಅಭ್ಯಾಸ ಹೀಗೆ ಮೊದಲಾಗುತ್ತದೆ. ಐದರವಳು ಇನ್ನೊಬ್ಬನಿಗೆ ಅರ್ಥವಾಗುವಂತೆ ಹೇಳಬೇಕಾದ್ದರಿಂದ ತನಗೆ ಗೊತ್ತಿದ್ದುದನ್ನು ಮತ್ತೊಮ್ಮೆ ಜೋಡಿಸಿಕೊಳ್ಳುತ್ತಾಳೆ. ಮೂರರ ಕೂಸು ಮಾತಾಡದಿದ್ದರೂ ಎಲ್ಲ ನೋಡುತ್ತಿರುತ್ತದೆ. ವಾರ ಕಳೆದ ಮೇಲೆ ಅದೂ ಕಡಲೆಯನ್ನು ಬೇರೆ ಇಟ್ಟೀತು. ವರ್ಗೀಕರಣ, ಎಣಿಕೆ, ಪದಸಂಪತ್ತು, ತನ್ನ ಸರದಿಗೆ ಕಾಯುವುದು, ಸೋತರೂ ಆಟ ಬಿಡದಿರುವುದು ಎಲ್ಲವೂ ಒಂದೇ ತಟ್ಟೆಯಲ್ಲಿ ನಡೆಯುತ್ತವೆ. ಅದೇ ಮಕ್ಕಳನ್ನು ಸಾಲಾಗಿ ಕೂರಿಸಿ ‘ಒಂದು, ಎರಡು, ಮೂರು’ ಎಂದು ನೂರು ಸಲ ಹೇಳಿಸಿದರೆ ಕಂಠಪಾಠವಾಗುತ್ತದೆ. ಮೂರು ಎಂದರೆ ಎಷ್ಟು ಕಾಳು ಎಂಬುದು ಮಾತ್ರ ಗೊತ್ತಾಗಿರುವುದಿಲ್ಲ.

ರಷ್ಯಾದ ಮನೋವಿಜ್ಞಾನಿ ಲೆವ್ ವೈಗೋಟ್‌ಸ್ಕಿ 1934ರಲ್ಲಿ, ಮೂವತ್ತೇಳನೆಯ ವಯಸ್ಸಿಗೇ ತೀರಿಕೊಂಡರೂ ಇದಕ್ಕೊಂದು ಸಿದ್ಧಾಂತದ ಚೌಕಟ್ಟು ಬಿಟ್ಟುಹೋದರು. ಮಗು ಒಂಟಿಯಾಗಿ ಮಾಡಬಲ್ಲದ್ದು ಒಂದು ಮಟ್ಟ. ತನಗಿಂತ ಕೊಂಚ ಹೆಚ್ಚು ಬಲ್ಲವರ ಆಸರೆಯಲ್ಲಿ ಮಾಡಬಲ್ಲದ್ದು ಇನ್ನೊಂದು ಮಟ್ಟ. ಈ ಎರಡರ ನಡುವಿನ ಹರವಿನಲ್ಲಿ ಕಲಿಕೆ ನಡೆಯುತ್ತದೆ ಎಂದರು ಅವರು. ಆ ‘ಹೆಚ್ಚು ಬಲ್ಲವರು’ ಶಿಕ್ಷಕರೇ ಆಗಬೇಕಿಲ್ಲ. ಒಂದು ವರ್ಷ ದೊಡ್ಡವಳಾದ ಓಣಿಯ ಹುಡುಗಿಯೂ ಆದೀತು. ಮೂರರಿಂದ ಆರು ವರ್ಷದವರೆಲ್ಲ ಒಂದೇ ಕೋಣೆಯಲ್ಲಿ ಕೂರುವ ಅಂಗನವಾಡಿಯನ್ನು ನಗರದ ಪಾಲಕರು ಕೊರತೆಯೆಂದು ನೋಡುತ್ತಾರೆ. ವೈಗೋಟ್‌ಸ್ಕಿಯ ಕಣ್ಣಿಗೆ ಅದು ವರವಾಗಿ ಕಂಡೀತು.

ಗಡಿಯಾಚೆಯ ಅಂಗಳ, ಎಚ್.ಡಿ. ಕೋಟೆಯ ತಟ್ಟೆ

ಮಕ್ಕಳನ್ನು ಶಾಲೆಗೆ ಎಳೆದು ತರುವ ಬದಲು ಮಕ್ಕಳಿದ್ದಲ್ಲಿಗೇ ಶಾಲೆಯನ್ನು ಒಯ್ಯುವ ಯೋಚನೆ ಬೆಳೆದದ್ದು ನೆರೆಯ ಮಹಾರಾಷ್ಟ್ರದಲ್ಲಿ. ಗುಜರಾತಿನ ಭಾವನಗರದಲ್ಲಿ 1920ರಲ್ಲಿ ಬಾಲಮಂದಿರ ತೆರೆದ ಗಿಜುಭಾಯಿ ಬಧೇಕಾ ಅವರ ಜೊತೆ ಕೆಲಸ ಮಾಡಿದ ತಾರಾಬಾಯಿ ಮೋಡಕ್ 1945ರಲ್ಲಿ ಠಾಣೆ ಜಿಲ್ಲೆಯ ಬೋರ್ಡಿಯಲ್ಲಿ ಗ್ರಾಮ ಬಾಲ ಶಿಕ್ಷಣ ಕೇಂದ್ರ ಆರಂಭಿಸಿದರು. ಮುಂದೆ 1957ರಲ್ಲಿ ಅದು ಆದಿವಾಸಿಗಳ ಊರಾದ ಕೋಸಬಾಡಕ್ಕೆ ಹೋಯಿತು. ಅವರ ಜೊತೆಗಿದ್ದವರು ಅನುತಾಯಿ ವಾಘ್. ಮಾಂಟೆಸ್ಸರಿ ಪದ್ಧತಿಯ ದುಬಾರಿ ಸಲಕರಣೆಗಳ ಜಾಗದಲ್ಲಿ ಬೀಜ, ಕಡ್ಡಿ, ಚಿಪ್ಪು, ಎಲೆ ಬಂದವು. ತಮ್ಮ–ತಂಗಿಯನ್ನು ಸೊಂಟದ ಮೇಲೆ ಹೊತ್ತ ಹುಡುಗಿಯರು ಆ ಕೂಸಿನ ಜೊತೆಗೇ ಬರಬಹುದಾಗಿತ್ತು.

ಕೇಂದ್ರ ಸರ್ಕಾರ ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ದೇಶದ 33 ಬ್ಲಾಕುಗಳಲ್ಲಿ ಶುರು ಮಾಡಿದ್ದು 1975ರ ಅಕ್ಟೋಬರ್ 2ರಂದು. ಕರ್ನಾಟಕದ ಮೊದಲ ಕೇಂದ್ರಗಳು ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ ತೆರೆದವು. ಇಂದು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಆರು ವರ್ಷದೊಳಗಿನ ಕನಿಷ್ಠ 40 ಮಕ್ಕಳಿರುವ ಜನವಸತಿ ಕೇಳಿದರೆ ಅಂಗನವಾಡಿ ಕೊಡಬೇಕು, ಪರಿಶಿಷ್ಟರ ಕೇರಿಗಳಿಗೆ ಆದ್ಯತೆ ಇರಬೇಕು ಎಂದು ಸುಪ್ರೀಂ ಕೋರ್ಟ್ 2006ರ ಡಿಸೆಂಬರ್ 13ರಂದು ಆದೇಶಿಸಿದ ಮೇಲೆ ಊರಿಂದ ದೂರವಿದ್ದ ಕೇರಿ, ತಾಂಡಾಗಳಿಗೂ ಕೇಳುವ ಹಕ್ಕು ಬಂತು. ಅಂಗನವಾಡಿಗಳಿಗಾಗಿ ರಾಜ್ಯ ರೂಪಿಸಿದ ‘ಚಿಲಿಪಿಲಿ’ ಕೈಪಿಡಿಯೂ ಹಾಡು, ಕತೆ, ಆಟ, ಗುಂಪು ಚಟುವಟಿಕೆಗಳ ಮೇಲೆಯೇ ನಿಂತಿದೆ.

ಅಂಗನವಾಡಿ ಮುಗಿಸಿದ ಮಗು ಒಂದನೇ ತರಗತಿಗೆ ಹೋದಾಗ ಸಿಗುವುದು ನಲಿ–ಕಲಿ. ಇದು ಹುಟ್ಟಿದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ. ಅಲ್ಲಿನ ಸರ್ಕಾರಿ ಶಾಲೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ ತಾವೇ ಕೂತು ಕಾರ್ಡುಗಳನ್ನು ಬರೆದರು. 2009–10ರಿಂದ ಅದು ರಾಜ್ಯದ ಸರ್ಕಾರಿ ಶಾಲೆಗಳ ಕಿರಿಯ ತರಗತಿಗಳಿಗೆ ಹಬ್ಬಿತು.

ನಲಿ–ಕಲಿ ಕೋಣೆಯಲ್ಲಿ ಮಕ್ಕಳು ಕರಿಹಲಗೆಗೆ ಮುಖ ಮಾಡಿ ಕೂರುವುದಿಲ್ಲ, ನೆಲದ ಮೇಲೆ ‘ತಟ್ಟೆ’ ಎಂದು ಕರೆಯುವ ಗುಂಪುಗಳಲ್ಲಿ ಕೂರುತ್ತಾರೆ. ಯಾವ ಮಗು ಯಾವ ತಟ್ಟೆಗೆ ಎಂಬುದನ್ನು ವಯಸ್ಸಾಗಲಿ ಅಂಕವಾಗಲಿ ಹೇಳುವುದಿಲ್ಲ. ಆ ಹೊತ್ತಿಗೆ ಎಷ್ಟು ಸಹಾಯ ಬೇಕು ಎಂಬುದು ಹೇಳುತ್ತದೆ. ಶಿಕ್ಷಕರ ಪೂರ್ತಿ ನೆರವು ಬೇಕಾದವರು ಒಂದು ಕಡೆ, ಭಾಗಶಃ ಬೇಕಾದವರು ಇನ್ನೊಂದು ಕಡೆ; ಗೆಳೆಯರ ನೆರವಿನಿಂದ ಕಲಿಯುವವರಿಗೆ, ಗೆಳೆಯರ ಅಲ್ಪ ನೆರವು ಸಾಕಾದವರಿಗೆ, ತಾವೇ ಮಾಡಿಕೊಳ್ಳುವವರಿಗೆ ಬೇರೆ ಬೇರೆ ತಟ್ಟೆ. ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ ತಾನೆಲ್ಲಿದ್ದೇನೆ ಎಂದು ಮಗುವೇ ನೋಡಿಕೊಳ್ಳುತ್ತದೆ. ತಲೆಯ ಮೇಲೆ ಕಟ್ಟಿದ ದಾರದ ಚಪ್ಪರದಲ್ಲಿ ಅದು ಬಿಡಿಸಿದ ಚಿತ್ರ ತೂಗುತ್ತದೆ. ಗೋಡೆಯ ಬುಡದಲ್ಲಿ ಪುಟ್ಟ ಕೈಗೆ ಎಟುಕುವಷ್ಟು ಎತ್ತರಕ್ಕೆ ಕಪ್ಪು ಪಟ್ಟಿ ಬಳಿದಿರುತ್ತದೆ. ಅದರ ಒಂದೊಂದು ಪಾಲಿಗೆ ಒಂದೊಂದು ಮಗು ಒಡೆಯ.

ವೈಗೋಟ್‌ಸ್ಕಿಯ ಹೆಸರು ಕೇಳದವರಿಗೂ ಆತನ ಸಿದ್ಧಾಂತ ಈ ಐದು ತಟ್ಟೆಗಳಲ್ಲಿ ಕಣ್ಣಿಗೆ ಕಾಣುತ್ತದೆ. ‘ಗೆಳೆಯರ ನೆರವು’ ಎಂಬುದನ್ನು ಒಂದು ರಾಜ್ಯದ ಸರ್ಕಾರಿ ಶಾಲೆಗಳು ತರಗತಿಯ ಅಧಿಕೃತ ವ್ಯವಸ್ಥೆಯಾಗಿ ಒಪ್ಪಿಕೊಂಡದ್ದು ಸಣ್ಣ ಮಾತಲ್ಲ. ಆದರೆ ಶಿಕ್ಷಕರು ಸಾಕಷ್ಟಿಲ್ಲದ ಶಾಲೆಗಳಲ್ಲಿ ತಟ್ಟೆ ಉಳಿದು ನೆರವು ಕರಗಿಹೋಗುವುದೂ ಉಂಟು. ಕಾರ್ಡು ಮುಗಿಸಿ ಏಣಿಯಲ್ಲಿ ಗುರುತು ಹಾಕುವುದೇ ಕೆಲಸವಾಗುತ್ತದೆ, ಮಕ್ಕಳು ಪರಸ್ಪರ ಮಾತಾಡುವುದು ಗದ್ದಲವಾಗಿ ಕೇಳತೊಡಗುತ್ತದೆ.

‘ಪಾನಿ’, ‘ಪಾಣಿ’, ‘ನೀರು’

ಅಂಗನವಾಡಿಗೆ ಹೊಸದಾಗಿ ಬಂದ ಮಗು ಮೊದಲ ವಾರ ಅಳುತ್ತದೆ. ಅಳು ಅಮ್ಮ ಹೋದಳೆಂದು ಮಾತ್ರವಲ್ಲ; ತಾಂಡಾದಿಂದ ಬಂದ ಲಂಬಾಣಿ ಮಗುವಿಗೆ, ಉರ್ದು ಮಾತಿನ ಮನೆಯ ಮಗುವಿಗೆ ಅಲ್ಲಿನ ಮಾತೇ ಹಿಡಿಯದು. ಆ ಹೊತ್ತಿಗೆ ಒದಗುವುದು ಎರಡೂ ಭಾಷೆ ಬಲ್ಲ ಇನ್ನೊಂದು ಮಗು. ನೀರು ಬೇಕು, ಬಯಲಿಗೆ ಹೋಗಬೇಕು, ಇವನು ಹೊಡೆದ ಎಂಬ ಮೂರು ಸುದ್ದಿಯನ್ನೂ ಅದೇ ಅಕ್ಕೋರಿಗೆ ಮುಟ್ಟಿಸುತ್ತದೆ. ಕೇಂದ್ರದ ಸಹಾಯಕಿ ಅದೇ ಓಣಿಯವಳಾಗಿದ್ದರೆ ಕೆಲಸ ಇನ್ನೂ ಹಗುರ.

ಕನ್ನಡ ಕಲಿಸುವ ಅವಸರದಲ್ಲಿ ಮನೆಮಾತನ್ನು ಬಾಗಿಲಾಚೆ ನಿಲ್ಲಿಸಿದರೆ ಮಗು ಬಾಯಿ ಮುಚ್ಚುತ್ತದೆ. ಬಾಯಿ ಮುಚ್ಚಿದ ಮಗು ಕನ್ನಡವನ್ನೂ ನಿಧಾನವಾಗಿಯೇ ಕಲಿಯುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಬಗ್ಗೆ ಕರ್ನಾಟಕದಲ್ಲಿ ಎಷ್ಟೇ ತಕರಾರಿರಲಿ, ಎಳವೆಯಲ್ಲಿ ಮನೆಮಾತಿಗೆ ಜಾಗ ಕೊಡಬೇಕೆಂಬ ಅದರ ಮಾತಿಗೆ ಶಿಕ್ಷಣ ತಜ್ಞರಲ್ಲಿ ದೊಡ್ಡ ವಿರೋಧ ಬಂದಿಲ್ಲ. ಗಡಿ ತಾಲ್ಲೂಕಿನಲ್ಲಿ ಇದನ್ನು ನಡೆಸುವ ದಾರಿ ಸರಳ. ಕತೆಯನ್ನು ಕನ್ನಡದಲ್ಲಿ ಹೇಳಿ, ಮಗು ತನ್ನ ಮಾತಿನಲ್ಲಿ ಮರಳಿ ಹೇಳಲು ಬಿಡುವುದು. ಲಂಬಾಣಿ ಅಜ್ಜಿಯನ್ನು ಕರೆಸಿ ಒಂದು ಹಾಡು ಹಾಡಿಸಿ, ಎಲ್ಲ ಮಕ್ಕಳಿಗೂ ಅದನ್ನು ಕಲಿಸುವುದು. ಆ ದಿನ ತಾಂಡಾದ ಮಗು ಗುಂಪಿನಲ್ಲಿ ಎಲ್ಲರಿಗಿಂತ ಬಲ್ಲವಳಾಗುತ್ತಾಳೆ.

ಭಾಷೆಗಿಂತ ಕಠಿಣವಾದದ್ದು ಜಾತಿ. ಶರಣರ ದಾಸೋಹದ ಪರಂಪರೆಯೂ, ಹಿಂದೂ–ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಆಳಂದದ ಲಾಡ್ಲೆ ಮಶಾಕ್ ದರ್ಗಾದಂಥ ತಾಣಗಳೂ ಇರುವ ನೆಲದಲ್ಲೇ ಓಣಿಗಳು ಜಾತಿವಾರು ಬೇರೆಬೇರೆ ಇವೆ. ಅಂಗನವಾಡಿ ಕಟ್ಟಡ ಯಾವ ಓಣಿಯಲ್ಲಿದೆ, ಅಡುಗೆ ಮಾಡುವವರು ಯಾರು ಎಂಬುದರ ಮೇಲೆ ಯಾರ ಮಕ್ಕಳು ಬರುತ್ತಾರೆ ಎಂಬುದು ಎಷ್ಟೋ ಕಡೆ ತೀರ್ಮಾನವಾಗುತ್ತದೆ. ಕೂಡಿ ಕಲಿಯುವ ಪದ್ಧತಿಗೆ ಮೊದಲು ಬೇಕಾದದ್ದು ಕೂಡಿ ಕೂರುವುದು. ಮೂರು ವರ್ಷದ ಮಕ್ಕಳಿಗೆ ಇದರಲ್ಲಿ ಯಾವ ತೊಂದರೆಯೂ ಇಲ್ಲ. ಅಭ್ಯಂತರವೆಲ್ಲ ಅವರನ್ನು ಕಳಿಸುವ ದೊಡ್ಡವರದು.

ತಾಯಂದಿರ ಗುಂಪು

ಮಗು ಕಲಿಯುವ ಸಂಬಂಧಗಳಲ್ಲಿ ಅಂಗನವಾಡಿ ಒಂದು ಮಾತ್ರ, ಮೊದಲಿನದು ಮನೆ. 1986–87ರಲ್ಲಿ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಸ್ಯಾಲಿ ಗ್ರಾಂಥಮ್–ಮೆಕ್‌ಗ್ರೆಗರ್ ಮತ್ತು ಸಂಗಡಿಗರು ಕುಂಠಿತ ಬೆಳವಣಿಗೆಯ 129 ಮಕ್ಕಳನ್ನು ಆಯ್ದುಕೊಂಡರು. ಅವರಲ್ಲಿ ಒಂದು ಗುಂಪಿನ ಮನೆಗಳಿಗೆ ಆರೋಗ್ಯ ಕಾರ್ಯಕರ್ತೆಯರು ವಾರಕ್ಕೊಮ್ಮೆ ಹೋಗಿ, ಮನೆಯ ಸಾಮಾನಿನಿಂದಲೇ ಮಾಡಿದ ಆಟಿಕೆಗಳಿಂದ ಮಗುವಿನ ಜೊತೆ ಆಡುವುದನ್ನು, ಅದರ ಜೊತೆ ಮಾತಾಡುವುದನ್ನು ತಾಯಿಗೆ ತೋರಿಸಿಕೊಟ್ಟರು. ಎರಡು ವರ್ಷ ನಡೆದದ್ದು ಇಷ್ಟೇ. ಇಪ್ಪತ್ತು ವರ್ಷದ ಮೇಲೆ ಆ ಮಕ್ಕಳನ್ನು ಮತ್ತೆ ಹುಡುಕಿ ನೋಡಿದಾಗ, ಭೇಟಿ ಪಡೆದವರ ಗಳಿಕೆ ಪಡೆಯದವರಿಗಿಂತ ಸುಮಾರು ಶೇ 25ರಷ್ಟು ಹೆಚ್ಚಿತ್ತು. ಈ ಲೆಕ್ಕ 2014ರಲ್ಲಿ ಪ್ರಕಟವಾಯಿತು. ಬರೆದವರಲ್ಲಿ ನೊಬೆಲ್ ಪುರಸ್ಕೃತ ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್‌ಮನ್ ಕೂಡ ಒಬ್ಬರು.

ಕುಂಠಿತ ಬೆಳವಣಿಗೆ ರಾಜ್ಯದ ಸರಾಸರಿಗಿಂತ ಹೆಚ್ಚಿರುವ ಕಲಬುರಗಿಯಂಥ ಜಿಲ್ಲೆಗೆ ಈ ಅಧ್ಯಯನ ಹತ್ತಿರದ್ದು. ಪ್ರತಿ ಮನೆಗೂ ವಾರಕ್ಕೊಮ್ಮೆ ಹೋಗುವಷ್ಟು ಸಿಬ್ಬಂದಿ ಎಲ್ಲಿಂದ ತರುವುದು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಒಡಿಶಾದಲ್ಲಿ. ಅದೇ ಪದ್ಧತಿಯನ್ನು ಅಲ್ಲಿನ ಹಳ್ಳಿಗಳಲ್ಲಿ ಎರಡು ಬಗೆಯಾಗಿ ಪ್ರಯೋಗಿಸಿದರು: ಕೆಲವು ಊರುಗಳಲ್ಲಿ ಮನೆಭೇಟಿ, ಕೆಲವು ಊರುಗಳಲ್ಲಿ ತಾಯಂದಿರನ್ನೂ ಮಕ್ಕಳನ್ನೂ ಒಂದೆಡೆ ಕೂಡಿಸಿ ಆಡಿಸುವುದು. 2020ರಲ್ಲಿ ಹೊರಬಂದ ಫಲಿತಾಂಶದಲ್ಲಿ ಮಕ್ಕಳ ಬೆಳವಣಿಗೆಯ ಮೇಲೆ ಎರಡರ ಪರಿಣಾಮವೂ ಹೆಚ್ಚುಕಡಿಮೆ ಸಮವಾಗಿತ್ತು. ಗುಂಪಿನ ಖರ್ಚು ಮಾತ್ರ ಮನೆಭೇಟಿಗಿಂತ ತೀರ ಕಡಿಮೆ.

ಸ್ವಸಹಾಯ ಸಂಘಗಳ ವಾರದ ಸಭೆಗೆ ಒಗ್ಗಿಹೋದ ಕಲಬುರಗಿಯ ಹೆಣ್ಣುಮಕ್ಕಳಿಗೆ ಗುಂಪು ಹೊಸದಲ್ಲ. ಅಂಗನವಾಡಿಯಲ್ಲೂ ಅದಕ್ಕೆ ಜಾಗವಿದೆ. ತಿಂಗಳಿಗೊಮ್ಮೆ ಪಾಲಕರನ್ನು ಕರೆಯಬೇಕಾದ ಶಾಲಾಪೂರ್ವ ಶಿಕ್ಷಣ ದಿನವಿದೆ, ಪ್ರತಿ ಕೇಂದ್ರಕ್ಕೂ ಬಾಲವಿಕಾಸ ಸಮಿತಿ ಇದೆ, ತಾಯಂದಿರು ಮಕ್ಕಳ ಜೊತೆ ಕೂತು ಆಡುವ ಬಾಲಮೇಳಗಳೂ ನಡೆಯುತ್ತವೆ. ಅಕ್ಷರ ಬಾರದ ತಾಯಿ ‘ನಾನೇನು ಕಲಿಸಲಿ?’ ಎಂದು ಹಿಂಜರಿಯುವುದು ಸಹಜ. ರೊಟ್ಟಿ ಬಡಿಯುವಾಗ ಹಿಟ್ಟಿನ ಒಂದು ಉಂಡೆಯನ್ನು ಮಗುವಿನ ಕೈಗೆ ಕೊಟ್ಟು ‘ನಿಂದು ಸಣ್ಣದೋ, ನಂದು ಸಣ್ಣದೋ?’ ಎಂದು ಕೇಳುವುದೂ ಪಾಠವೇ ಎಂದು ಅವಳಿಗೆ ಗೊತ್ತಾಗುವುದು ಇಂಥ ಕಡೆ.

ಪಾಲಕರೇ ಮುಂದಾಗಿ ಕಟ್ಟಿದ ಶಾಲೆಗಳ ಕತೆ ಬಂದಾಗ ಜಗತ್ತು ಇಟಲಿಯ ರೆಜಿಯೊ ಎಮಿಲಿಯಾ ಕಡೆ ನೋಡುತ್ತದೆ. 1945ರಲ್ಲಿ, ಎರಡನೇ ಮಹಾಯುದ್ಧ ಮುಗಿದ ಬೆನ್ನಿಗೆ, ವಿಲ್ಲಾ ಚೆಲ್ಲಾ ಎಂಬ ಹಳ್ಳಿಯವರು ಜರ್ಮನ್ ಸೈನ್ಯ ಬಿಟ್ಟುಹೋದ ಒಂದು ಟ್ಯಾಂಕ್, ಕೆಲವು ಲಾರಿ, ಕುದುರೆಗಳನ್ನು ಮಾರಿ ಬಂದ ಹಣದಲ್ಲಿ ಎಳೆಯ ಮಕ್ಕಳಿಗೆ ಶಾಲೆ ಕಟ್ಟತೊಡಗಿದರು. ಸುದ್ದಿ ಕೇಳಿ ಸೈಕಲ್ ಹತ್ತಿ ಬಂದ ಯುವ ಶಿಕ್ಷಕ ಲೋರಿಸ್ ಮಲಗುಟ್ಸಿ 1994ರಲ್ಲಿ ಸಾಯುವವರೆಗೂ ಅಲ್ಲಿನ ಮಕ್ಕಳ ಶಾಲೆಗಳ ಜೊತೆಗಿದ್ದರು. ಅಲ್ಲಿ ಒಂದು ಕೋಣೆಗೆ ಇಬ್ಬರು ಶಿಕ್ಷಕರು. ಮಕ್ಕಳು ಏನು ಹೇಳಿದರು, ಹೇಗೆ ಯೋಚಿಸಿದರು ಎಂಬುದನ್ನು ಅವರು ಬರೆದಿಟ್ಟು ಪಾಲಕರ ಮುಂದೆ ಇಡುತ್ತಾರೆ. ನ್ಯೂಜಿಲೆಂಡ್ 1996ರಲ್ಲಿ ಮಾವೊರಿ ಸಮುದಾಯದ ಜೊತೆ ಕೂಡಿ ರೂಪಿಸಿದ ಶಿಶುಶಿಕ್ಷಣ ಚೌಕಟ್ಟಿನಲ್ಲೂ ಸಂಬಂಧ, ಕುಟುಂಬ, ಸಮುದಾಯ ಮೂಲತತ್ವಗಳ ಸಾಲಿನಲ್ಲಿವೆ.

ಒಬ್ಬಳೇ ಕಾರ್ಯಕರ್ತೆ

ರೆಜಿಯೊದ ಇಬ್ಬರು ಶಿಕ್ಷಕರನ್ನು ನೆನಪಿಟ್ಟುಕೊಂಡು ಅಂಗನವಾಡಿಯ ಕೆಲಸದ ಪಟ್ಟಿ ನೋಡಬೇಕು. ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಕಾರ್ಯಕರ್ತೆ ಮಕ್ಕಳ ತೂಕ–ಎತ್ತರ ಅಳೆಯಬೇಕು, ಲಸಿಕೆ ದಿನಕ್ಕೆ ತಾಯಂದಿರನ್ನು ಕರೆತರಬೇಕು. 2017ರ ಅಕ್ಟೋಬರ್ 2ರಿಂದ ಜಾರಿಯಾದ ಮಾತೃಪೂರ್ಣ ಯೋಜನೆಯಡಿ ಗರ್ಭಿಣಿ–ಬಾಣಂತಿಯರಿಗೆ ಊಟ, ಮಕ್ಕಳಿಗೆ ಹಾಲು–ಮೊಟ್ಟೆ ಕೊಡಬೇಕು, ದಾಸ್ತಾನು ಬರೆಯಬೇಕು, ಮನೆಭೇಟಿ ಮಾಡಬೇಕು. 2021ರಿಂದ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಎಲ್ಲವನ್ನೂ ತುಂಬಬೇಕು. ಮತದಾರರ ಪಟ್ಟಿ, ಸಮೀಕ್ಷೆಗಳು ಬೇರೆ. ತಟ್ಟೆಯ ಕಾಳಿನ ಮುಂದೆ ಕೂತು ‘ಯಾಕ ಹಿಂಗ ಇಟ್ಟಿ?’ ಎಂದು ಕೇಳುವ ಬಿಡುವು ಇವೆಲ್ಲ ಮುಗಿದ ಮೇಲೆ ಉಳಿದರೆ ಉಂಟು.

ಈ ಬಿಡುವಿಗೆ ಬೆಲೆ ಎಷ್ಟು ಎಂಬುದನ್ನು ತಮಿಳುನಾಡು ಅಳೆದು ನೋಡಿದೆ. ನಾಲ್ಕು ಜಿಲ್ಲೆಗಳ 640 ಅಂಗನವಾಡಿಗಳಲ್ಲಿ ಅರ್ಧದಷ್ಟಕ್ಕೆ, ಶಾಲಾಪೂರ್ವ ಶಿಕ್ಷಣವೊಂದನ್ನೇ ನೋಡಿಕೊಳ್ಳುವ ಅರ್ಧ ದಿನದ ಹೆಚ್ಚುವರಿ ಕಾರ್ಯಕರ್ತೆಯನ್ನು ಕೊಟ್ಟರು. ಅಲೆಹಾಂಡ್ರೊ ಗನಿಮಿಯನ್, ಕಾರ್ತಿಕ್ ಮುರಳೀಧರನ್, ಕ್ರಿಸ್ಟೊಫರ್ ವಾಲ್ಟರ್ಸ್ ನಡೆಸಿದ ಈ ಅಧ್ಯಯನದಲ್ಲಿ ಶಾಲಾಪೂರ್ವ ಕಲಿಕೆಗೆ ಸಿಗುವ ಸಮಯ ದುಪ್ಪಟ್ಟಾಯಿತು. ಹದಿನೆಂಟು ತಿಂಗಳಲ್ಲಿ ಭಾಷೆ, ಗಣಿತ ಎರಡರಲ್ಲೂ ಮಕ್ಕಳು ಸ್ಪಷ್ಟವಾಗಿ ಮುಂದಿದ್ದರು. ಹಳೆಯ ಕಾರ್ಯಕರ್ತೆಗೆ ಪೌಷ್ಟಿಕತೆಯ ಕೆಲಸಕ್ಕೆ ಹೊತ್ತು ಸಿಕ್ಕಿದ್ದರಿಂದ ಕುಂಠಿತ ಬೆಳವಣಿಗೆ, ತೀವ್ರ ಅಪೌಷ್ಟಿಕತೆಯೂ ತಗ್ಗಿದವು. ಹೊಸ ಕಟ್ಟಡವಿಲ್ಲ, ಹೊಸ ಪಠ್ಯವಿಲ್ಲ; ಸೇರಿಸಿದ್ದು ಇನ್ನೊಂದು ಜೊತೆ ಕೈ ಮಾತ್ರ.

ಪಠ್ಯದ ಕೊರತೆಯಂತೂ ಈಗಿಲ್ಲ. ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2022ರ ಅಕ್ಟೋಬರ್‌ನಲ್ಲಿ ಬಂತು. ‘ಪೋಷಣ್ ಭೀ ಪಢಾಯಿ ಭೀ’ ಕಾರ್ಯಕ್ರಮ 2023ರಲ್ಲಿ, ಅದರಡಿ ಮೂರರಿಂದ ಆರು ವರ್ಷದವರಿಗಾಗಿ 48 ವಾರಗಳ ‘ಆಧಾರಶಿಲಾ’ 2024ರಲ್ಲಿ ಬಂದವು. ಎಲ್ಲದರಲ್ಲೂ ಆಟ, ಮಾತುಕತೆ, ಗುಂಪು ಚಟುವಟಿಕೆಗೆ ಅಗ್ರಸ್ಥಾನವಿದೆ. ಓದಿ ಜಾರಿಗೆ ತರಬೇಕಾದವಳು ಮಾತ್ರ ಅದೇ ಒಬ್ಬ ಕಾರ್ಯಕರ್ತೆ.

ಎಲ್‌ಕೆಜಿ ಎಂಬ ಹೊಸ ಪೈಪೋಟಿ

ಈ ನಡುವೆ ಕಲ್ಯಾಣ ಕರ್ನಾಟಕದಲ್ಲಿ ಇನ್ನೊಂದು ಬದಲಾವಣೆಯಾಗಿದೆ. ಸಂವಿಧಾನದ 371ಜೆ ವಿಧಿಯ ಬಲದಿಂದ ಬಂದ ಪ್ರದೇಶಾಭಿವೃದ್ಧಿ ಮಂಡಳಿಯ ‘ಅಕ್ಷರ ಆವಿಷ್ಕಾರ’ ಕಾರ್ಯಕ್ರಮದಡಿ 2024–25ರಲ್ಲಿ ಈ ಭಾಗದ ಸಾವಿರಕ್ಕೂ ಹೆಚ್ಚು ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ–ಯುಕೆಜಿ ತೆರೆಯುವ ಆದೇಶ ಹೊರಬಿತ್ತು. ನಾಲ್ಕು ವರ್ಷದ ಮಕ್ಕಳೆಲ್ಲ ಶಾಲೆಗೆ ಹೋದರೆ ಅಂಗನವಾಡಿಯಲ್ಲಿ ಉಳಿಯುವವರು ಯಾರು ಎಂದು ಕಾರ್ಯಕರ್ತೆಯರು 2024ರ ಜೂನ್‌ನಲ್ಲಿ ಬೀದಿಗಿಳಿದರು. ಆ ತರಗತಿಗಳನ್ನು ಅಂಗನವಾಡಿಯಲ್ಲೇ ನಡೆಸಿ ಎಂಬುದು ಅವರ ಬೇಡಿಕೆಯಾಗಿತ್ತು. ಜುಲೈನಲ್ಲಿ ಬೆಂಗಳೂರಿನ 250 ಅಂಗನವಾಡಿಗಳಲ್ಲಿ ಸರ್ಕಾರಿ ಮಾಂಟೆಸ್ಸರಿ ಶುರುವಾಯಿತು.

ಪಾಲಕರ ಆಸೆಯಲ್ಲಿ ತಪ್ಪಿಲ್ಲ. ಹಳ್ಳಿಯಿಂದ ಹಳದಿ ವ್ಯಾನು ಹತ್ತಿ ಪಟ್ಟಣದ ಖಾಸಗಿ ಶಾಲೆಗೆ ಹೋಗುವ ಮಕ್ಕಳನ್ನು ನೋಡಿದವರಿಗೆ ಎಲ್‌ಕೆಜಿ ಎಂದರೆ ಇಂಗ್ಲಿಷು, ಸಮವಸ್ತ್ರ, ಹೋಮ್‌ವರ್ಕ್. ಆದರೆ ಅಸ್ಸಾಂ, ರಾಜಸ್ಥಾನ, ತೆಲಂಗಾಣದ ಸುಮಾರು 14 ಸಾವಿರ ಮಕ್ಕಳನ್ನು ನಾಲ್ಕನೆಯ ವಯಸ್ಸಿನಿಂದ ಎಂಟರವರೆಗೆ ಹಿಂಬಾಲಿಸಿ ಅಂಬೇಡ್ಕರ್ ವಿಶ್ವವಿದ್ಯಾಲಯ ದೆಹಲಿ ಮತ್ತು ಅಸರ್ ಸೆಂಟರ್ 2017ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆ ಮಾತು ಹೇಳುತ್ತದೆ. ವಯಸ್ಸಿಗೆ ಮೀರಿದ ಬರೆಹ–ಓದನ್ನು ಹೇರಿದ ಕಡೆ, ಅದು ಖಾಸಗಿಯಿರಲಿ ಸರ್ಕಾರಿಯಿರಲಿ, ಮಕ್ಕಳು ಶಾಲೆಗೆ ಸಜ್ಜಾಗಿರಲಿಲ್ಲ. ಆಟ ಮತ್ತು ಮಾತುಕತೆಗೆ ಅವಕಾಶವಿದ್ದ ಕಡೆ ಸಜ್ಜಾಗಿದ್ದರು. ಬಾಗಿಲ ಮೇಲಿನ ಬೋರ್ಡು ಅಂಗನವಾಡಿಯದೋ ಎಲ್‌ಕೆಜಿಯದೋ ಎಂಬುದಕ್ಕಿಂತ ಒಳಗೆ ಮಕ್ಕಳು ಹೇಗೆ ಕೂತಿದ್ದಾರೆ ಎಂಬುದು ಮುಖ್ಯ.

ಇದೆಲ್ಲ ಊರಲ್ಲಿ ಉಳಿದ ಮಕ್ಕಳ ಮಾತು. ಸುಗ್ಗಿ ಮುಗಿದರೆ, ಮಳೆ ಕೈಕೊಟ್ಟರೆ ಈ ತಾಲ್ಲೂಕುಗಳಿಂದ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಿಗೆ ಕುಟುಂಬಗಳು ಗುಳೆ ಹೋಗುತ್ತವೆ. ಕೂಸು ಅಪ್ಪ–ಅಮ್ಮನ ಜೊತೆ ಹೋದರೆ ಅಂಗನವಾಡಿ ತಪ್ಪುತ್ತದೆ, ಅಜ್ಜಿಯ ಬಳಿ ಉಳಿದರೆ ಅಪ್ಪ–ಅಮ್ಮ ತಪ್ಪುತ್ತಾರೆ. ನರೇಗಾ ಕೂಲಿಕಾರರ ಮಕ್ಕಳಿಗಾಗಿ 4 ಸಾವಿರ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ರಾಜ್ಯ ಸರ್ಕಾರ 2023–24ರ ಬಜೆಟ್‌ನಲ್ಲಿ ಘೋಷಿಸಿತು. ಊರಿನ ಹೆಂಗಸರಿಗೇ ತರಬೇತಿ ಕೊಟ್ಟು ಆರೈಕೆಗೆ ನಿಲ್ಲಿಸುವ ಯೋಜನೆಯದು. ಊರಲ್ಲೇ ಕೂಲಿ ಸಿಕ್ಕು, ಹತ್ತಿರದಲ್ಲೇ ಕೂಸಿಗೆ ಜಾಗ ಸಿಕ್ಕರೆ ಗುಳೆಯ ಲೆಕ್ಕಾಚಾರವೂ ಕೊಂಚ ಬದಲಾದೀತು.

2025–26ರ ಬಜೆಟ್‌ನಲ್ಲಿ ರಾಜ್ಯ ಸರ್ಕಾರ ಅಂಗನವಾಡಿ ಕಾರ್ಯಕರ್ತೆಯರ ಗೌರವಧನವನ್ನು ₹1,000, ಸಹಾಯಕಿಯರದನ್ನು ₹750 ಹೆಚ್ಚಿಸಿತು. ತಮಿಳುನಾಡಿನಲ್ಲಿ ಪ್ರಯೋಗಿಸಿದಂಥ ಹೆಚ್ಚುವರಿ ಕಾರ್ಯಕರ್ತೆಗೆ ಬೇಕಾದದ್ದು ಅರ್ಧ ದಿನದ ಗೌರವಧನ. ಮೂರು ತಾಲ್ಲೂಕುಗಳ ಒಂದಿಷ್ಟು ಕೇಂದ್ರಗಳಲ್ಲಿ ಪ್ರಯೋಗಕ್ಕಾದರೂ ಅದನ್ನು ಕೊಟ್ಟು ನೋಡಲು ಸಂಸತ್ತಿನಲ್ಲಿ ತಿದ್ದುಪಡಿ ಬೇಕಿಲ್ಲ. ಕಲ್ಯಾಣ ಕರ್ನಾಟಕಕ್ಕೆಂದೇ ಇರುವ ಮಂಡಳಿ ಇದೆ, ಅದರ ಅನುದಾನದಲ್ಲಿ ಶಿಕ್ಷಣದ ಪಾಲೂ ಇದೆ. ಕೇಳಬೇಕಾದ ಬಾಲವಿಕಾಸ ಸಮಿತಿಗಳು ಪ್ರತಿ ಊರಿನಲ್ಲೂ ಇವೆ.